ಒಂದು ತಲೆಗೆ ಒಂದು ಕೈ

ಕಮಲಾಪುರ, 20 ಜುಲೈ 1952, ಭಾನುವಾರ

ಬೆಳಿಗ್ಗೆ ಕೋಣೆಯ ಬಾಗಿಲ ಸಂದಿಗೆ ಮತ್ತೆ ಮಣ್ಣು ಮೆತ್ತಿದೆ. ಹೊಗೆ ಸೋರುತ್ತಿತ್ತು. ಒಳಗೆ ನಮ್ಮ ಬಾಳೆ ಬೆಳೆಗಾರರ ಸಂಘದ ಮೊದಲ ಕೆಂಬಾಳೆ ಗೊನೆಗಳು. ಹೊಗೆಗೆ ಹಣ್ಣಾಗಬೇಕು.

ಕಾವಲು ಕೂತು ಕಾದಂಬರಿ ಓದಿದೆ. ಅನುವಾದ. ಒಂದೇ ಮನುಷ್ಯನನ್ನು ಒಂದು ಪುಟದಲ್ಲಿ ಧಣಿ ಎನ್ನುತ್ತಾನೆ ಅನುವಾದಕ, ಇನ್ನೊಂದರಲ್ಲಿ ಯಜಮಾನ. ಪೆನ್ಸಿಲಿನಿಂದ ತಿದ್ದಿದೆ. ಹಿಮ ಬೀಳುವ ಊರಿನ ಕಾರ್ಖಾನೆ. ಕೂಲಿಗಳು ಗೆಲ್ಲುತ್ತಾರೆ. ಗೆದ್ದ ಮೇಲೆ ಒಬ್ಬನೇ ಎಲ್ಲರ ಪರವಾಗಿ ಮಾತಾಡತೊಡಗುತ್ತಾನೆ, ಉಳಿದವರು ಸುಮ್ಮನಾಗುತ್ತಾರೆ. ಅಲ್ಲಿಗೆ ಮುಚ್ಚಿಟ್ಟೆ.

ನಮ್ಮದು ಹಾಗಾಗಬಾರದು. ತೋಟ ಅವರವರದೇ ಇರಲಿ. ಹಣ್ಣಿಗೆ ಹಾಕುವುದು, ಬಂಡಿ, ಮಾರಾಟ — ಇವು ಎಲ್ಲರವು. ತೋಟ ಎಷ್ಟೇ ದೊಡ್ಡದಿದ್ದರೂ ಒಂದು ತಲೆಗೆ ಒಂದು ಕೈ. ಹೋದ ತಿಂಗಳು ಭಾವನವರೇ ಸೋತರು. ದೌಲಪ್ಪನವರು, ತೀರಿಹೋದ ನನ್ನ ಗಂಡನ ಅಣ್ಣ. ಊರಿಗೆಲ್ಲ ದೊಡ್ಡ ತೋಟ, ಕಲಬುರಗಿಯಲ್ಲಿ ಹಣ್ಣಿನ ದಲಾಲಿಗೆ ಅಡತಿ ಅಂಗಡಿ. ಹಣ್ಣೆಲ್ಲ ತಮ್ಮ ಅಂಗಡಿಗೇ ಬರಲಿ ಎಂದರು. ಅವರ ಪರ ಹೆಚ್ಚು ಕೈ ಏಳಲಿಲ್ಲ. ಎದ್ದು ಹೋದರು.

ಗುರುವಾರ ಸಭೆ. ಗೊನೆ ಹೊರುವ ಕೂಲಿಯವರನ್ನೂ ಮೆಂಬರ್ ಮಾಡಬೇಕೆಂದು ಕಾರ್ಯದರ್ಶಿಯಾಗಿ ನಾನೇ ಕೇಳಬೇಕು.

24 ಜುಲೈ, ಗುರುವಾರ

ಸೋತೆವು.

ಕೂಲಿ ಹೆಚ್ಚಿಸುವ ಮಾತಿಗೆ ಯಾರೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಕೋಣೆ. ಮೆಂಬರ್ ಆದವರು ಕೋಣೆಯೊಳಗೆ ಬರಬಹುದು. ಹೊರುವವರು ಹೊಲಗೇರಿಯವರು; ಇಂದಿಗೂ ಗೊನೆಯನ್ನು ಹೊಸ್ತಿಲಾಚೆಯೇ ಇಳಿಸಿ ಹೋಗುತ್ತಾರೆ, ಒಳಗೆ ಜೋಡಿಸುವವರು ನಾವು. ಗುಡಿಗೆ ಹೋಗುವ ಹಣ್ಣಲ್ಲವೇ...

ಅಧ್ಯಕ್ಷರು ಹಣಮಂತರಾಯ ಕಾಕಾ. ಕೆಟ್ಟವರಲ್ಲ. "ಕೂಲಿ ಹೆಚ್ಚು ಮಾಡೋಣು ತಂಗಿ, ಯಾರು ಬ್ಯಾಡಂದಾರ? ಆದ್ರ ಖೋಲಿಯೊಳಗ ಅವರು ಕೈ ಹಚ್ಚಿದ್ರ ಶ್ರಾವಣದ ಹಣ್ಣು ಗುಡಿಗಿ ಹ್ಯಾಂಗ ಕಳಸೋದು?"

ಭಾವನವರು ನಕ್ಕರು. "ಒಂದು ತಲಿಗಿ ಒಂದು ಕೈ ಅಂದಾಕಿ ನೀನ ಅಲ್ಲೇನವಾ? ಎಣಿಸ್ಕೋ ಈಗ."

ಎಣಿಸಿದೆ. ಬರೆದೆ. ಸಹಿ ಹಾಕಿದೆ.

ಇನ್ನೊಂದು. ಆ ಕೋಣೆ ಇರುವುದು ನನ್ನ ಮನೆಯಲ್ಲಿ, ದೇವರ ಜಗಲಿಯ ಪಕ್ಕಕ್ಕೆ. ಸಭೆಗೆ ಹೋಗುವ ಮುಂಚೆ, ಅವರು ಒಳಗೆ ಬರುವಂತಾದರೆ ಜಗಲಿಯ ದೇವರನ್ನು ಅಡುಗೆಮನೆಗೆ ಸರಿಸಲೇ ಎಂದು ಯೋಚಿಸಿದ್ದೆ. ಸರಿಸಲಿಲ್ಲ. ಆದರೆ ಯೋಚಿಸಿದ್ದೆ. ಅದೂ ಇಲ್ಲಿರಲಿ.

ಕಲಬುರಗಿ, 27 ಜುಲೈ, ಭಾನುವಾರ

ಮೋಟಾರು ಬಸ್ಸಿನಲ್ಲಿ ಬಂದೆ. ದರ್ಗಾದ ಸುತ್ತಿನ ರೋಜಾ ಬಡಾವಣೆಯಲ್ಲಿ ಹಣ್ಣಿನ ಅಂಗಡಿಯ ಕರೀಂಸಾಬರನ್ನು ಕಂಡೆ. ಮುಂದಿನ ವಾರ ಉರುಸ್. "ಲಾಲ್ ಕೇಳಾ ಇಲ್ದಿದ್ರ ಜಾತ್ರಿ ಮಂದಿ ನನ್ನ ಗಡ್ಡಾ ಕಿತ್ಕೊಂಡು ಹೋಗ್ತಾರ, ಬಾಯಿಸಾಬ!" ಎಂದರು. ಕೋಣೆಯ ಜಗಳ ಹೇಳಿದೆ. "ಕೈ ಯಾರ್ದರೆ ಇರ್ಲಿ. ಮುಂದಿನ ಗೊನಿ ಶುಕ್ರವಾರ ಹೊಗಿಗಿ ಬೀಳಬೇಕು ನೋಡ್ರಿ. ತಪ್ಪಿದ್ರ ಉರುಸ್ ತಪ್ಪಿತು." ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಅವರು ಅಂಗಡಿಯ ಬಾಗಿಲಿಗೆ ಒಳಗಿನಿಂದ ಇನ್ನೊಂದು ಅಗುಳಿ ಹಾಕಿಸಿದ್ದಾರೆ. ನೋಡಿದೆ.

ಸಂಜೆ ನಮ್ಮ ಸಮಾಜವಾದಿ ಪಾರ್ಟಿಯ ಆಫೀಸು. ಗಿರಣಿ ಯೂನಿಯನ್ನಿನ ರಾಮಣ್ಣ ಇದ್ದ. ಬೈದ.

"ಮನಿ ನಿಮ್ದು, ಖೋಲಿ ನಿಮ್ದು, ಕೀಲಿಕೈ ನಿಮ್ದು. ತೆಗೀರಿ ಬಾಗಲಾ! ಆ ದೊಡ್ಡಮಂದಿ ಓಟ್ ತೊಗೊಂಡು ಏನ್ ಮಾಡ್ತೀರಿ?"

"ಕೀಲಿ ನಂದು ಅಂತ ನಾ ಇವತ್ತು ತೆಗದ್ರ, ಬಂಡಿ ನಂದು ಅಂತ ನಾಳಿ ಅವರು ನಿಲ್ಲಸ್ತಾರ ರಾಮಣ್ಣ."

"ಹಂಗಾದ್ರ ಕಾಯ್ಕೋತ ಕೂಡ್ರಿ. ಸಮಾಜವಾದ ಮೋಟಾರಿನ್ಯಾಗ ಬರ್ತದ."

ಎಲ್ಲರೂ ನಕ್ಕರು. ಒಡೆತನದ ಬಲದಿಂದ ಒಳ್ಳೆಯದನ್ನು ಮಾಡಿದರೆ, ಉಳಿಯುವುದು ಒಡೆತನವೇ. ಇಷ್ಟು ಮಾತ್ರ ಗೊತ್ತು.

ಕಮಲಾಪುರ, 29 ಜುಲೈ, ಮಂಗಳವಾರ

ಬಂಡೆಮ್ಮನಿಗೆ ಹೇಳಿದೆ. ಗೊನೆ ಹೊರುವವರಲ್ಲಿ ಅವಳೇ ಮುಂದು. ಸಭೆಯ ತೀರ್ಮಾನ ಒಪ್ಪಲೇಬೇಕು, ಮುಂದಿನ ವರ್ಷ ಮತ್ತೆ ಕೇಳೋಣ ಎಂದೆ. ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದಳು.

"ಸೋತವರು ಯಾರ್ರೀ ಅವ್ವಾರ?"

"ನಾವು."

"ನಾವು ಅಲ್ಲಿ ಇದ್ದೇ ಇಲ್ಲಲ್ಲರಿ. ನಮ್ಮ ಮಾತು, ನಾವಿಲ್ದ ಓಟು. ಚಳಿಗಾಲದಾಗ ರಾಜ್ಯಕ್ಕ ಓಟ್ ಹಾಕಿ ಬಂದೀವಿ, ಬೆರಳಿಗಿ ಮಸಿ ಹಚ್ಚಿದ್ರು. ಹೈದರಾಬಾದಿನ ಸರ್ಕಾರ ಕೂಡ್ರಸಾಕ ನಮ್ಮ ಕೈ ನಡೀತದ, ನಿಮ್ಮ ಖೋಲಿಗಿ ನಡ್ಯಾಂಗಿಲ್ಲೇನ್ರಿ?"

ಸಿಟ್ಟಿರಲಿಲ್ಲ. ಲೆಕ್ಕ ಕೇಳಿದಂತೆ ಕೇಳಿದಳು.

31 ಜುಲೈ, ಗುರುವಾರ

ನಿನ್ನೆಯಿಂದ ಗೊನೆ ಹೊರುವವರು ಯಾರೂ ಬಂದಿಲ್ಲ. ಗಲಾಟೆ ಇಲ್ಲ, ಘೋಷಣೆ ಇಲ್ಲ. ಬರಲಿಲ್ಲ, ಅಷ್ಟೇ.

ಕಡಿದ ಗೊನೆಗಳು ತೋಟದಲ್ಲೇ ಬಿದ್ದಿವೆ. ಬಂಡಿ ತೋಟದೊಳಗೆ ಹೋಗುವುದಿಲ್ಲ, ತಲೆಯ ಮೇಲೆಯೇ ತರಬೇಕು. ಹಣಮಂತರಾಯ ಕಾಕಾ ತಾವೇ ಒಂದು ಹೊತ್ತರು. ರುಮಾಲು ಕಣ್ಣಿಗಿಳಿಯಿತು, ಬಾಳೆಯ ಸೊನೆ ಬಿಳಿ ಅಂಗಿಗೆಲ್ಲ ಮೆತ್ತಿತು, ಬದುವಿನ ಮೇಲೆ ಗೊನೆಯ ಸಮೇತ ಕೂತುಬಿಟ್ಟರು. "ಇದನ್ನ ದಿನಾ ಹೊರ್ತಾರೇನ ತಂಗಿ ಅವರು?" ನಗು ಬಂತು. ನಗಲಿಲ್ಲ.

ಭಾವನವರು ಮನೆಮನೆಗೆ ಹೋಗಿ ಬರುತ್ತಿದ್ದಾರೆಂದು ಸುದ್ದಿ.

1 ಆಗಸ್ಟ್, ಶುಕ್ರವಾರ, ಸಂಜೆ

ಬೇಗ ಬರೆಯಬೇಕು.

ಮಧ್ಯಾಹ್ನ ನಮ್ಮ ಅಂಗಳದಲ್ಲಿ ಸಭೆ. ಭಾವನವರು ಕಲಬುರಗಿಯಿಂದ ಲಾರಿಯನ್ನೇ ತಂದು ನಿಲ್ಲಿಸಿದರು, ಹಮಾಲರ ಸಮೇತ. "ಕಾಯಿ ಇದ್ದಂಗೇ ಎತ್ಕೋತೀನಿ. ಸಂಘ ಗಿಂಘ ಮುಚ್ಚಿ ಮನಿಗಿ ನಡೀರಿ." ಒಪ್ಪಿದರೆ ಎಲ್ಲ ಇಂದಿಗೇ ಮುಗಿದಂತೆ. ಒಪ್ಪುವ ಮುಖಗಳೇ ಹೆಚ್ಚು. ಗೋಡೆಯಾಚೆ ಬಂಡೆಮ್ಮ, ಅವಳ ಗಂಡ ಮಾಪಣ್ಣ, ಹೊರುವವರೆಲ್ಲ ನಿಂತಿದ್ದರು.

ಎದ್ದೆ.

"ಅವರ ಮಾತು ಅವರಿಲ್ದ ತೀರಿಸಿದ್ದು ತಪ್ಪಾಯ್ತು. ಲಾರಿಗೋ, ಖೋಲಿಗೋ — ಇವತ್ತು ಅವರನ್ನೂ ಕೂಡಿಸ್ಕೊಂಡು ಕೈ ಎತ್ತೋಣು. ಸೋತ್ರ ಮೊದಲ ಗೊನಿ ನಾನೇ ಲಾರಿಗಿ ಹಾಕ್ತೀನಿ."

"ಮೆಂಬರ್ ಅಲ್ಲದವರು ಕೈ ಎತ್ತೋದು ಯಾವ ಕಾಯ್ದೆದಾಗ ಅದ?" ಭಾವನವರು.

ಇರಲಿಲ್ಲ. ಕಾಯ್ದೆ ಅವರ ಕಡೆಗೇ ಇತ್ತು.

"ಕಾಯ್ದೆ ಮಾಡಿದವರು ಇಲ್ಲೇ ಕುಂತಾರ. ಅವರನ್ನ ಒಳಗ ಕರೀಬೇಕೋ ಬ್ಯಾಡೋ, ಮೆಂಬರೇ ಹೇಳ್ಲಿ."

ಲಾರಿಯ ಇಂಜಿನ್ ಗುರುಗುಡುತ್ತಿತ್ತು. ಹಣಮಂತರಾಯ ಕಾಕಾ ಬಲಗೈ ಎತ್ತಿದರು. ನಿನ್ನೆಯ ನೋವಿಗೆ ಅದು ಅರ್ಧಕ್ಕೇ ನಿಂತಿತು. ಎಡಗೈಯಿಂದ ಮೇಲೆ ತಳ್ಳಿದರು. ಹಿಂದಿನಿಂದ ಯಾರೋ, "ಕಾಕಾ, ಎರಡೆರಡು ಕೈ ನಡ್ಯಾಂಗಿಲ್ಲರಿ!" ನಗೆಯೆದ್ದಿತು. ನಗುತ್ತ ನಗುತ್ತ ಇನ್ನಷ್ಟು ಕೈಗಳು. ಎಲ್ಲರವೂ ಅಲ್ಲ. ಸಾಕಾಗುವಷ್ಟು.

ಬಂಡೆಮ್ಮ, ಅವಳ ಹಿಂದೆ ಹೊರುವವರೆಲ್ಲ ಒಳಗೆ ಬಂದು ಸಾಲಿನಲ್ಲಿ ಕೂತರು. ಆಮೇಲಿನ ಎಣಿಕೆ ಸುಲಭ, ಕೋಣೆಗೇ ಹೆಚ್ಚು ಕೈ.

ಲಾರಿ ಖಾಲಿ ಹೋಯಿತು. "ಮುಂದಿನ ವರ್ಷ ಕೈ ಎತ್ತಾಕ ನಾನೂ ಬರ್ತೀನಿ, ನೆನಪಿಡು" ಎಂದರು ಭಾವನವರು. ಬರಲಿ. ಬರಲಿಕ್ಕೆ ಬಾಗಿಲು ಇರಬೇಕೆಂದೇ ಅಲ್ಲವೇ ಇಷ್ಟೆಲ್ಲ.

ಗೊನೆಗಳು ಬರುತ್ತಿವೆ. ಕೋಣೆಯ ಬಾಗಿಲು ತೆಗೆದಿಟ್ಟಿದ್ದೇನೆ. ಬಂಡೆಮ್ಮ ಗೊನೆ ಹೊತ್ತು ಹೊಸ್ತಿಲಾಚೆಯೇ ನಿಂತಿದ್ದಾಳೆ. ಅಭ್ಯಾಸವೋ, ಪರೀಕ್ಷೆಯೋ. "ಅವ್ವಾರ, ಎಲ್ಲಿಡ್ಲಿ?" ಎನ್ನುತ್ತಿದ್ದಾಳೆ. ಇಷ್ಟು ವರ್ಷ 'ಅಲ್ಲೇ ಇಡು' ಎಂದ ಬಾಯಿ ಇದು. ಕುತ್ತಿಗೆ ನೋಯುತ್ತಿರಬೇಕು ಅವಳಿಗೆ. ಎದ್ದು ಹೋಗಿ 'ಒಳಗ ಬಾ' ಎನ್ನಬೇಕು —