ಐಸಾಕ್ ಕಡಲು ನೋಡಿದ ದಿನ

ಇಪ್ಸ್‌ವಿಚ್
೨೨ ಜೂನ್ ೨೦೨೫, ಭಾನುವಾರ

ಪ್ರೀತಿಯ ಅಲಿಷಾಳ ಪಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಪರ್ತಿನಲ್ಲೂ ಚಳಿ ಶುರುವಾಗಿರಬೇಕು, ಆ ಹಳೇ ಸ್ವೆಟರು ಸಾಲದು. ಬಿ.ಪಿ. ಮಾತ್ರೆಯ ಬಗ್ಗೆ ಜೆರ್ರಿಯನ್ನು ಕೇಳಿದೆ. “ಮಾತ್ರೆ ನಾನೇ ಕೈಗೆ ಕೊಡ್ತೇನೆ ಅತ್ತಿಗೆ. ಆದ್ರೆ ಅಣ್ಣ ಮಾತೇ ಆಡುದಿಲ್ಲ. ಬಾಲ್ಕನಿಯಲ್ಲಿ ಕೂತ್ರೆ ಕೂತದ್ದೇ” ಎಂದ. ಸ್ವಲ್ಪ ದಿನ ತಮ್ಮನ ಮನೆಯಲ್ಲಿದ್ದು ಬರುತ್ತೇನೆ ಎಂದು ಪರ್ತಿನ ಜೂಂಡಲಪ್‌ಗೆ ಹೋದವರು ನೀವು. ಈಗ ಈಸ್ಟರ್ ಕಳೆದು ಎಷ್ಟು ಕಾಲವಾಯಿತು. ಫೋನೂ ಎತ್ತುವುದಿಲ್ಲ, ಹಾಗಾಗಿ ಈ ಪತ್ರ. ಕೊಂಕಣಿಯಲ್ಲಿ ಬರೆಯಲು ಕೂತರೆ ಎರಡು ಸಾಲಿಗೇ ಅಳು ಬರುತ್ತದೆ. ಶಾಲೆಯಲ್ಲಿ ಕಲಿತ ಕನ್ನಡವಾದರೆ ಒಂದಿಷ್ಟು ದೂರ ನಿಂತು ಬರೆದ ಹಾಗಾಗುತ್ತದೆ.

ನಾನು ಆರೋಗ್ಯವಾಗಿದ್ದೇನೆ. ಆಸ್ಪತ್ರೆಯಲ್ಲಿ ಫ್ಲೂ ಕಾಲ, ವಾರ್ಡು ತುಂಬಿದೆ, ಕೆಲಸದಲ್ಲಿ ಮನಸ್ಸು ಮುಳುಗುತ್ತದೆ. ಅಲಿಷಾ ಅಡಿಲೇಡಿನಿಂದ ಬಂದು ಒಂದು ವಾರ ಇದ್ದಳು. ಓದು ಚೆನ್ನಾಗಿ ನಡೆದಿದೆಯಂತೆ, ತೆಳ್ಳಗಾಗಿದ್ದಾಳೆ. ಹೊರಡುವ ದಿನ ಬ್ಯಾಗು ಹೆಗಲಿಗೇರಿಸಿಕೊಂಡು, “ಮಮ್ಮಿ, ಡ್ಯಾಡ್ ಈಸ್ ನಾಟ್ ಕಮಿಂಗ್ ಬ್ಯಾಕ್, ಈಸ್ ಹೀ?” ಎಂದು ಕೇಳಿದಳು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ.

ಗುರುವಾರ ಮಾರ್ಗರೇಟಾ ಬಂದಿದ್ದರು. ಹೌದು, ಐಸಾಕನ ಅಮ್ಮ. ಅದೇ ಉದ್ದನೆಯ ಕಪ್ಪು ಉಡುಪು, ತಲೆಗೆ ಬಟ್ಟೆ, ಕೈಯಲ್ಲಿ ತಾವೇ ಮಾಡಿದ ಬ್ರೆಡ್ಡು. ಒಳಗೆ ಬಂದು ಅಡುಗೆಮನೆಯ ಮೇಜಿನ ಹತ್ತಿರ ಕೂತರು. ಆ ಮೇಜಿನಲ್ಲೇ ಐಸಾಕ್ ಒಮ್ಮೆ ಇಡ್ಲಿಯಂಥ ನಮ್ಮ ಸಾನ್ನಾಂ ತಿಂದಿದ್ದ ಎಂದು ನಾನು ಹೇಳಿದೆ. ಅಲ್ಲಿಂದ ಮಾತು ಶುರುವಾಯಿತು.

ನಿಮಗೆ ನೆನಪಿದೆಯಲ್ಲ, ತರಕಾರಿ ಲಾರಿ ತೆಗೆದುಕೊಂಡು ನೀವು ಅವರ ತೋಟಕ್ಕೆ ಹೋಗಲು ಶುರುಮಾಡಿದ ಹೊಸತು. ಅವರು ಮೆನೊನೈಟರು ಎಂದಾಗ ನಾನು ಯಾವುದೋ ಊರಿನವರಿರಬೇಕು ಎಂದುಕೊಂಡಿದ್ದೆ. ಅವರೂ ನಮ್ಮ ಹಾಗೆ ಕ್ರಿಸ್ತನವರೇ, ಆದರೆ ಮನೆಯಲ್ಲಿ ಟಿ.ವಿ., ರೇಡಿಯೋ ಇಲ್ಲ, ಇಗರ್ಜಿಯಲ್ಲಿ ವಾದ್ಯವಿಲ್ಲ, ಬೊಲಿವಿಯಾದಿಂದ ಬಂದು ನಾಲ್ಕಾರು ಕುಟುಂಬ ಒಟ್ಟಿಗೆ ಇಲ್ಲಿ ಬೇಸಾಯ ಮಾಡುತ್ತಿವೆ ಎಂದು ನೀವೇ ವಿವರಿಸಿದಿರಿ. ಅವರ ಮಕ್ಕಳು ತಮ್ಮದೇ ಸಣ್ಣ ಶಾಲೆಯಲ್ಲಿ ಓದಿ, ಮೀಸೆ ಚಿಗುರುವ ಮೊದಲೇ ಹೊಲಕ್ಕೆ ಇಳಿಯುತ್ತಾರೆ. ಐಸಾಕನೂ ಹಾಗೇ. ಹದಿನಾರು ವರ್ಷಕ್ಕೆ ಅವನ ಅಂಗೈ ನಿಮ್ಮದಕ್ಕಿಂತ ಒರಟಾಗಿತ್ತು. ಕುಂಬಳಕಾಯಿ ಲೋಡು ಮಾಡಿ ಗೇಟಿನ ತನಕ ನಿಮ್ಮ ಪಕ್ಕದಲ್ಲಿ ಕೂತು ಬರುತ್ತಿದ್ದ, ಅಷ್ಟು ದೂರದಲ್ಲಿ ರೇಡಿಯೋದಲ್ಲಿ ಎಷ್ಟು ಕ್ರಿಕೆಟ್ ಕೇಳಿಸುತ್ತದೋ ಅಷ್ಟೂ ಅವನದು. ಒಂದೇ ಒಂದು ಮ್ಯಾಚನ್ನು ಕಣ್ಣಿಂದ ನೋಡದ ಹುಡುಗ ಎಲ್ಲರ ರನ್ನು ಬಾಯಿಪಾಠ ಹೇಳುತ್ತಿದ್ದ. ಅಪ್ಪ ಅಬ್ರಾಮನಿಗೆ ಇದು ಗೊತ್ತಿತ್ತಂತೆ. ಮಾರ್ಗರೇಟಾ ಹೇಳಿದರು: ಗೇಟಿನ ಬಳಿ ಲಾರಿ ನಿಂತೇ ಇರುವುದನ್ನು ಕಂಡರೆ ಅಬ್ರಾಮ ಬೇಕೆಂದೇ ಕೊಟ್ಟಿಗೆಯ ಕಡೆ ತಿರುಗಿಕೊಳ್ಳುತ್ತಿದ್ದನಂತೆ.

ನಮ್ಮ ಮನೆಗೆ ಬಂದ ದಿನ ಅವನು ಕೇಳಿದ ಪ್ರಶ್ನೆಗಳು ಒಂದೇ ಎರಡೇ. ನಮ್ಮೂರ ಉಳ್ಳಾಲದ ಕಡಲು ಎಷ್ಟು ಸದ್ದು ಮಾಡುತ್ತದೆ, ನೀರು ನಿಜವಾಗಿ ಉಪ್ಪೇ, ಅಷ್ಟು ಉಪ್ಪು ಎಲ್ಲಿಂದ ಬರುತ್ತದೆ. “ಇಲ್ಲಿಯ ಕಡಲಿಗೆ ಒಂದೂವರೆ ಗಂಟೆ ದಾರಿ, ನೋಡೇ ಇಲ್ವಾ?” ಎಂದು ನಾನು ಬೆರಗಾದೆ. ಕಡಲು ತೋರಿಸುತ್ತೇನೆಂದು ನೀವು ಆಗಲೇ ಅವನಿಗೆ ಮಾತು ಕೊಟ್ಟಿರಿ. ಮಾರ್ಗರೇಟಾ ಮೊದಲು ಬೇಡವೆಂದಿದ್ದರು. ಅಬ್ರಾಮನೇ ಹೋಗಿಬರಲಿ ಎಂದದ್ದು. ನೀವಿಬ್ಬರೂ ಕಡಲಿಗೆ ಹೊರಟ ಬೆಳಿಗ್ಗೆ ಮಾರ್ಗರೇಟಾ ಅವರೇ ಅವನಿಗೆ ಬುತ್ತಿ ಕಟ್ಟಿದರಂತೆ.

ಅಲ್ಲಿ ನಡೆದದ್ದು ನನಗೆ ಗೊತ್ತಿರುವುದು ನೀವು ಪೊಲೀಸರಿಗೆ ಹೇಳಿದಷ್ಟೇ. ಮೊಣಕಾಲು ನೀರಿನಲ್ಲಿ ನಿಂತಿದ್ದ, ಕಾಲ ಕೆಳಗಿನ ಮರಳು ಸರಿಯಿತು, ಸೆಳೆತ ಒಯ್ದಿತು, ನೀವು ಹಾರಿ ಅಂಗಿಯ ತೋಳು ಹಿಡಿದಿರಿ, ತೋಳು ಕೈ ತಪ್ಪಿತು. ಕಡಲ ದಡದಲ್ಲೇ ಬೆಳೆದ ನಿಮ್ಮನ್ನೂ ಅರೆಜೀವವಾಗಿ ಎಳೆದು ಹಾಕಿದ್ದು ಸರ್ಫ್ ಆಡಲು ಬಂದಿದ್ದ ಯಾರೋ ಇಬ್ಬರು. ಐಸಾಕ್ ಸಿಕ್ಕಿದ್ದು ಸಂಜೆ. ಮಂಗಳೂರಿನಲ್ಲಿ ನೀವು ಎಂಥ ಈಜುಗಾರರಾಗಿದ್ದಿರಿ ಎಂದು ನನಗೆ ಗೊತ್ತು. ನಿಮ್ಮಿಂದ ಆಗದ್ದು ಇನ್ಯಾರಿಂದಲೂ ಆಗುತ್ತಿರಲಿಲ್ಲ. ಇದನ್ನು ಸಾವಿರ ಸಲ ಹೇಳಿದ್ದೇನೆ, ನಿಮ್ಮ ಕಿವಿಗೆ ಹೋಗುವುದಿಲ್ಲ.

ಶವಸಂಸ್ಕಾರದ ದಿನ ನೀವು ಬೇಲಿಯ ಹೊರಗೆ ನಿಂತು, ಮಣ್ಣು ಬೀಳುವ ಮೊದಲೇ ಹೊರಟುಬಿಟ್ಟಿರಿ. ಆಮೇಲಿನದ್ದನ್ನು ನಾನು ನೋಡಿದೆ. ಪೆಟ್ಟಿಗೆಯನ್ನು ಅಬ್ರಾಮನೇ ಪೈನ್ ಹಲಗೆಯಿಂದ ಮಾಡಿದ್ದ. ಒಂದು ಹೂವೂ ಇರಲಿಲ್ಲ. ಗಂಡಸರು ಸರದಿಯಂತೆ ಸನಿಕೆ ಹಿಡಿದು ಗುಂಡಿ ಮುಚ್ಚಿದರು, ಮುಚ್ಚಿ ಮುಗಿಯುವವರೆಗೂ ಎಲ್ಲರೂ ಜರ್ಮನ್‌ನಲ್ಲಿ ಹಾಡಿದರು. ಅಬ್ರಾಮ ಮಾತ್ರ ಹಾಡಲಿಲ್ಲ. ನನಗೆ ಸೂಪು ಕೊಟ್ಟ ಹೆಂಗಸು, ಲೋಕದ ಆಸೆ ಹಿಡಿದ ಮಗುವನ್ನು ದೇವರು ಹೀಗೆ ಕರೆದುಕೊಳ್ಳುತ್ತಾನೆ ಎಂದಳು. ಬಟ್ಟಲನ್ನು ಅಲ್ಲೇ ಇಟ್ಟು ಎದ್ದುಬಂದೆ. ಅಂಥ ಮಾತು ಅವರಲ್ಲಿ ಇನ್ನೂ ನಿಂತಿಲ್ಲವಂತೆ. ಅಬ್ರಾಮ ಸಭೆಯ ಎದುರು ನಿಮ್ಮ ಹೆಸರು ಹೇಳಿ, “ನಾನು ಕ್ಷಮಿಸಿದ್ದೇನೆ” ಎಂದನಂತೆ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಹಸುವಿಗೆ ತಲೆಯಾನಿಸಿ ಅತ್ತನಂತೆ. “ಬಾಯಿ ಕ್ಷಮಿಸಿದೆ, ಉಳಿದದ್ದಕ್ಕೆ ಇನ್ನೂ ಸಮಯ ಬೇಕು” ಎಂದು ಮಾರ್ಗರೇಟಾ ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ಅದು ಸರಿ ಅನಿಸಿತು.

ನೀವು ಅಲ್ಲಿ ಒಬ್ಬರೇ ಕೂತು ನಿಮಗೆ ನೀವೇ ಕೊಟ್ಟುಕೊಳ್ಳುತ್ತಿರುವ ಶಿಕ್ಷೆಯನ್ನು ಈ ಮನೆಯವರಾರೂ ಕೇಳಿಲ್ಲ, ಆ ಮನೆಯವರೂ ಕೇಳಿಲ್ಲ. ಜೆರ್ರಿಗೆ ನನ್ನ ನೆನಪು ತಿಳಿಸಿ. ಹೊಟ್ಟೆಗೆ ಸರಿಯಾಗಿ ತಿನ್ನಿ. ದೇವರು ನಿಮ್ಮ ನಿದ್ದೆಯನ್ನು ಕಾಯಲಿ.

ನಿಮ್ಮ
ಲೂಸಿ

ತಾ.ಕ.: ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಮೇಲೆ ಬಿಟ್ಟೆ. ಐಸಾಕನ ರೈಮರ್ ಕುಟುಂಬ ತೋಟ ಬಿಟ್ಟು ಮುಂದಿನ ತಿಂಗಳು ಬೊಲಿವಿಯಾಕ್ಕೆ ವಾಪಸು ಹೋಗುತ್ತಿದೆ. ಮಾರ್ಗರೇಟಾ ಬಂದದ್ದು ನಿಮ್ಮನ್ನು ಕೇಳಿಕೊಂಡು. ಮಗ ಸತ್ತದ್ದು ಹೇಗೆಂದು ಪೊಲೀಸರು, ಡಾಕ್ಟರು, ಎಲ್ಲರೂ ಹೇಳಿದರಂತೆ. ಅವರಿಗೆ ಬೇಕಾದದ್ದು ಅದಕ್ಕೆ ಮೊದಲಿನದು. ಲಾರಿಯಿಂದ ಇಳಿದು ಕಡಲು ಕಂಡ ಕೂಡಲೇ ಅವನ ಮುಖ ಹೇಗಿತ್ತು, ಏನೆಂದ, ನಕ್ಕನಾ, ನೀರನ್ನು ನಾಲಿಗೆಗೆ ಹಚ್ಚಿ ನೋಡಿದನಾ. “ಮಿಸ್ಟರ್ ಆರ್ಥರ್ ಒಬ್ಬರೇ ನೋಡಿದ್ದು, ನನಗೆ ಬೇರೆ ಯಾರು ಹೇಳ್ತಾರೆ?” ಎಂದರು. ಫೋನಿನಲ್ಲಿ ಬೇಡವಂತೆ, ಎದುರು ಕೂತು ಕೇಳಬೇಕಂತೆ. ಬರುತ್ತಾರೆ ಎಂದು ನಾನು ನಿಮ್ಮ ಪರವಾಗಿ ಮಾತು ಕೊಟ್ಟುಬಿಟ್ಟಿದ್ದೇನೆ.