ಲಡ್ಲೋದಲ್ಲಿ ನೀನು ಮಾತಾಡಿದ ಎರಡು ದಿನ

ನನ್ನ ಲಿನೆಟ್,

ಲಡ್ಲೋಗೆ ಮತ್ತೆ ಬಂದಿದ್ದೇನೆ. ಬ್ರಾಡ್ ಸ್ಟ್ರೀಟಿನ ಇಳಿಜಾರಿನಲ್ಲಿರುವ ಮಿಸೆಸ್ ಪ್ಯೂ ಅವರ ಅದೇ ಮನೆ, ಈ ಸಲ ಒಂದೇ ಹಾಸಿಗೆಯ ಕೋಣೆ. ಬೆಳಗ್ಗೆ ತಿಂಡಿ ತಂದ ಆಕೆ, "ಹೋದ ವರ್ಷ ನಿಮ್ ಜೊತೆ ಬಂದಿದ್ರಲ್ಲ, ಬಾಯಿಗೆ ಬೀಗಾನೇ ಇಲ್ದೋರು, ಅವ್ರನ್ನ ಯಾಕ್ರೀ ಕರ್ಕೊಂಡು ಬರ್ಲಿಲ್ಲ?" ಎಂದು ಕೇಳಿದರು. ಫೆಬ್ರವರಿಯಲ್ಲಿ ಹೋದಳು ಎಂದೆ. ಪಾಪ, ಟೋಸ್ಟಿನ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು.

ನಿನಗೆ ಅರವತ್ತು ತುಂಬಿದ್ದಕ್ಕೆ ನಾನು ಕೊಟ್ಟ ಉಡುಗೊರೆ ಅದು. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ, ನಾವಿಬ್ಬರೇ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ರೈಲು ಹತ್ತಿದಾಗ ಶುರುವಾದ ನಿನ್ನ ಮಾತು ನಿಲ್ಲಲೇ ಇಲ್ಲ. ಟಿಕೆಟ್ ನೋಡಲು ಬಂದವನ ಜೊತೆ ಮಾತು, ನಾಯಿ ಹಿಡಿದು ಹೋಗುವವರನ್ನೆಲ್ಲ ನಿಲ್ಲಿಸಿ ಮಾತು. ಶನಿವಾರದ ಸಂತೆಯಲ್ಲಿ ಚೀಸ್ ಮಾರುವವನ ಮುಂದೆ ಎಷ್ಟು ಹೊತ್ತು ನಿಂತೆ ಎಂದರೆ ಹಿಂದೆ ಸಾಲು ಬೆಳೆಯಿತು. "ಅಮ್ಮಾ, ನೀವು ಚೀಸ್ ತಗೊಳ್ತೀರೋ, ಇಲ್ಲ ನನ್ನನ್ನೇ ಮದ್ವೆ ಆಗ್ತೀರೋ? ಹಿಂದಿನೋರು ಕಾಯ್ತಾ ಇದಾರೆ" ಎಂದು ಅವನು ಕೂಗಿದಾಗ ಜನವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ನನಗೆ ನಾಚಿಕೆಯಾಗಿ ನಿನ್ನ ತೋಳು ಹಿಡಿದು ಎಳೆದೆ. "ಸಾಕು ಮಾಡೇ, ಮಾರಾಯ್ತಿ. ತಲೆ ಚಿಟ್ಟು ಹಿಡೀತು" ಎಂದೆ.

ನಿನ್ನ ಮುಖ ಒಮ್ಮೆಲೇ ಇಳಿದುಹೋಯಿತು. ಅದನ್ನು ಕಂಡೆ, ಆದರೂ ಮುಂದೆ ನಡೆದೆ.

ಮಧ್ಯಾಹ್ನ ಕೋಟೆಯ ಕೆಳಗೆ, ಡಿನ್ಹ್ಯಾಮ್ ಸೇತುವೆಯ ಹತ್ತಿರ ಹೊಳೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದೆವು. ನೀರು ಅಡ್ಡಗಟ್ಟೆ ದಾಟಿ ಸುರಿಯುತ್ತಿತ್ತು. ನೀನು ಹೊಳೆಯ ಕಡೆಗೇ ನೋಡುತ್ತ ಹೇಳಿದೆ: "ಹಿಲರಿ, ಕ್ಲೈವ್ ನನ್ ಜೊತೆ ಮಾತಾಡಿ ಹನ್ನೊಂದು ವಾರ ಆಯ್ತು."

ನಿನಗೂ ನನ್ನ ತಮ್ಮನಿಗೂ ಜಗಳವಾಯಿತೇ ಎಂದು ಕೇಳಿದೆ. "ಏನು ಅಂತಾನೇ ನೆನಪಿಲ್ಲ ಕಣೇ. ಗೇಟಿಗೆ ಬಣ್ಣ ಹೊಡ್ಸೋ ವಿಷ್ಯ ಇರ್ಬೇಕು. ಇದೇನು ಮೊದಲ್ನೇ ಸಲ ಅಲ್ಲ. ಒಂದ್ಸಲ ಐದು ತಿಂಗಳು. ಒಂದೇ ಮೇಜಿನ ಮೇಲೆ ಊಟ ಮಾಡ್ತೀವಿ, ಅವ್ನು ನನ್ನ ದಾಟಿ ಗೋಡೆ ನೋಡ್ತಾನೆ. ಕೆಲ್ಸ ಇದ್ದಾಗ ಹೇಗೋ ನಡೀತಿತ್ತು." ದಂತವೈದ್ಯರ ಕ್ಲಿನಿಕ್ಕಿನ ಬಾಗಿಲಲ್ಲಿ ಇಪ್ಪತ್ತಾರು ವರ್ಷ ಬಂದವರನ್ನೆಲ್ಲ ಮಾತಾಡಿಸಿದವಳು ನೀನು. ಆ ಚಳಿಗಾಲದಲ್ಲಷ್ಟೇ ನಿವೃತ್ತಿಯಾಗಿದ್ದೆ. "ಈಗ ಮನೇಲಿ ನನ್ನ ದನಿ ಕೇಳಿಸ್ಲಿ ಅಂತ ಪಾತ್ರೆ ತೊಳೆಯೋವಾಗ ಒಬ್ಳೇ ಮಾತಾಡ್ಕೋತೀನಿ" ಎಂದೆ.

ಲಿನೆಟ್, ಆಗ ನಾನು ನಿನ್ನನ್ನು ಅಪ್ಪಿಕೊಳ್ಳಬೇಕಿತ್ತು. ಬದಲಿಗೆ ನಕ್ಕೆ. "ನಮ್ಮಪ್ಪನೂ ಹಾಗೇ ಇದ್ರು ಬಿಡೇ. ಅವ್ನೇನು ಹೊಡೀತಾನಾ, ಕುಡೀತಾನಾ?" ಎಂದೆ.

ನಮ್ಮ ಮನೆಯಲ್ಲಿ ಏಳೆಂಟು ವರ್ಷದವಳಾಗಿದ್ದಾಗ ನನ್ನ ಕೆಲಸವೇ ಅದಾಗಿತ್ತು. 'ಟೀ ಆರಿದೆ ಅಂತ ನಿಮ್ಮಮ್ಮನಿಗೆ ಹೇಳು' ಎಂದು ಅಪ್ಪ ಎನ್ನುವರು. ಮೂರು ಅಡಿ ದೂರದಲ್ಲಿ ನಿಂತ ಅಮ್ಮನಿಗೆ ನಾನು ಹೋಗಿ ಹೇಳಬೇಕು. ಮದುವೆ ಎಂದರೆ ಹೀಗೇ ಎಂದುಕೊಂಡು ಬೆಳೆದೆ. ಅಮ್ಮ ಸತ್ತಾಗ ಕ್ಲೈವ್‌ಗೆ ಒಂಬತ್ತು, ನನಗೆ ಹದಿನೈದು. ಅವನ ಶೂ ಲೇಸು ಕಟ್ಟಿ ಶಾಲೆಗೆ ಕಳಿಸಿದವಳು ನಾನು. ನೀನು ಅವನ ಬಗ್ಗೆ ಹೇಳಿದ್ದು ನನ್ನ ಸಾಕಣೆಯ ಮೇಲಿನ ದೂರಿನಂತೆ ಕೇಳಿಸಿತು. ಅದಕ್ಕೇ ಅವನ ಪರವಾಗಿ ನಿಂತೆ.

ಆ ಸಂಜೆ ನೀನೊಬ್ಬಳೇ ಎಲ್ಲಿಗೋ ಹೋಗಿ ಬಂದೆ. ಮರುದಿನ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ತಿಳಿಯಿತು, ಎಲ್ಲಿಗೆಂದು. ಒಂದು ಓಣಿಯ ಉಣ್ಣೆಯ ಅಂಗಡಿಯ ಕಿಟಕಿಯಲ್ಲಿ ಚೀಟಿ ಅಂಟಿಸಿದ್ದರಂತೆ: ಸಹಾಯಕಿ ಬೇಕು, ಮಹಡಿಯ ಮೇಲೆ ಕೋಣೆ ಉಂಟು. ನೀನು ಒಳಗೆ ಹೋಗಿ ಮಾತಾಡಿ, ಸೋಮವಾರ ಬೆಳಗ್ಗೆ ಬರುತ್ತೇನೆ ಎಂದು ಒಪ್ಪಿಕೊಂಡೂ ಬಂದಿದ್ದೆ. "ನಾನು ಬರಲ್ಲ ಹಿಲರಿ. ಇಲ್ಲೇ ಇರ್ತೀನಿ. ನೀನು ಕ್ಲೈವ್‌ಗೆ ಹೇಳ್ತೀಯಾ?"

ಮತ್ತೆ ನನ್ನನ್ನು ಸುದ್ದಿ ಒಯ್ಯುವವಳನ್ನಾಗಿ ಮಾಡುತ್ತಿದ್ದೀಯಲ್ಲ ಎಂದು ಸಿಟ್ಟು ಬಂತು. "ಅರವತ್ತಕ್ಕೆ ತಲೆ ಕೆಟ್ಟಿದ್ಯೇನೇ ನಿಂಗೆ? ಅವ್ನಿಗೆ ಊಟಕ್ಕೆ ಯಾರಿದಾರೆ? ಬೀದಿಯೋರೆಲ್ಲ ನಗ್ತಾರೆ" ಎಂದೆ. ರೈಲು ಬಂದು ನಿಂತಿತು. ನಿನ್ನ ನೀಲಿ ಸೂಟ್‌ಕೇಸನ್ನು ಎತ್ತಿ ಒಳಗಿಟ್ಟೇಬಿಟ್ಟೆ. ಬಾಗಿಲು ಮುಚ್ಚುವ ಮುಂಚೆ ನೀನೂ ಹತ್ತಿದೆ. ಸೀಟಿನಲ್ಲಿ ಕೂತು, ನನ್ನ ಕಡೆ ನೋಡದೆ, "ಬಟ್ಟೆಯೆಲ್ಲ ಹೋಗ್ತಿತ್ತಲ್ಲ ಅಂತ ಹತ್ತಿದೆ. ನಿನ್ನ ಮಾತಿಗಲ್ಲ" ಎಂದೆ. ವುಲ್ವರ್‌ಹ್ಯಾಂಪ್ಟನ್ ಬರುವವರೆಗೂ ನಿನ್ನ ಬಾಯಿಂದ ಇನ್ನೊಂದು ಮಾತು ಹೊರಡಲಿಲ್ಲ. ಅಬ್ಬಾ, ಅಂತೂ ನೆಮ್ಮದಿ ಎಂದುಕೊಂಡೆ ನಾನು.

ಫೆಬ್ರವರಿಯ ಆ ಮಂಗಳವಾರ ಬೆಳಗ್ಗೆ ಹತ್ತರ ಹೊತ್ತಿಗೆ ನೀನು ಅಡುಗೆಮನೆಯಲ್ಲಿ ಬಿದ್ದೆ. ಕ್ಲೈವ್ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ. ಎದ್ದು ಬಂದು ನೋಡಿದ್ದು ಊಟದ ಹೊತ್ತಿಗೆ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಬೇಗ ಕರೆತಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ವೈದ್ಯರು. ನಿನ್ನನ್ನು ಮಣ್ಣು ಮಾಡಿ ಬಂದ ದಿನ, ಜನವೆಲ್ಲ ಹೋದ ಮೇಲೆ, ನಿನ್ನ ಸಿಂಕಿನ ಮುಂದೆ ನಿಂತು ಅವನು ನನಗೆ ಹೇಳಿದ: "ಸದ್ದು ಕೇಳಿಸ್ತು ಹಿಲರಿ. ಏನಾಯ್ತು ಅಂತ ಕೇಳೋಣ ಅನ್ಕೊಂಡೆ. ಆದ್ರೆ ಮಾತು ಬಿಟ್ಟಿದ್ವಲ್ಲ, ನಾನೇ ಮೊದ್ಲು ಯಾಕೆ ಅಂತ ಸುಮ್ನಾದೆ."

ಅಂದಿನಿಂದ ನಾನೂ ಅವನೊಂದಿಗೆ ಮಾತಾಡಿಲ್ಲ. ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. "ಇದೀಯಾ, ಹಿಲರಿ? ಏನಾದ್ರೂ ಅನ್ನೇ, ಬೈದ್ರೂ ಸರಿ" ಎನ್ನುತ್ತಾನೆ. ನಾನು ಕಿವಿಗೆ ಹಿಡಿದುಕೊಂಡು, ಅವನು ಸೋತು ಇಡುವವರೆಗೂ ಸುಮ್ಮನಿರುತ್ತೇನೆ. ಅದರಲ್ಲೊಂದು ಸುಖವಿದೆ ಲಿನೆಟ್. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದೆ. ಅಪ್ಪನಿಗೆ, ತಮ್ಮನಿಗೆ ರುಚಿ ಹತ್ತಿದ್ದು ಯಾವುದು ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ನಿನ್ನೆ ಆ ಉಣ್ಣೆಯ ಅಂಗಡಿಗೆ ಹೋಗಿದ್ದೆ. ಒಡತಿ ನಮ್ಮ ವಯಸ್ಸಿನವಳೇ. ನಿನ್ನ ಗುರುತು ಹೇಳುತ್ತಲೇ ಅವಳ ಮುಖ ಅರಳಿತು. "ಅಯ್ಯೋ, ಅವ್ರಾ! ಆವತ್ತು ಬಾಗ್ಲು ಹಾಕೋ ಹೊತ್ತಾದ್ರೂ ಇಬ್ರೂ ಹರಟೆ ಹೊಡೀತಾ ಕೂತಿದ್ವಿ. ಸೋಮವಾರ ಅವ್ರಿಗೂ ಸೇರಿಸಿ ಟೀಗೆ ನೀರಿಟ್ಟಿದ್ದೆ. ಎರಡು ವಾರ ಬೇರೆ ಯಾರ್ನೂ ಇಟ್ಕೊಳ್ಲೇ ಇಲ್ಲ, ನೋಡಿ." ಅವಳಿಗೆ ನಿಜ ಹೇಳಲಾಗಲಿಲ್ಲ. ಬೇಡದ ಎರಡು ಉಂಡೆ ಉಣ್ಣೆ ಕೊಂಡು ಹೊರಗೆ ಬಂದೆ.

ಇವತ್ತು ಮಧ್ಯಾಹ್ನ ಕ್ಲೈವ್‌ಗೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ: ಹನ್ನೊಂದು ವಾರ, ಮಹಡಿಯ ಕೋಣೆ, ನಾನು ಸೂಟ್‌ಕೇಸ್ ಎತ್ತಿಟ್ಟದ್ದು. "ಅವ್ಳು ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ಯಾರಿಗೆ ಹೇಳ್ಬೇಕಿತ್ತು ಕ್ಲೈವ್?" ಎಂದೆ.

ಅವನು ಅತ್ತ. ಅಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ನಾನು ಸಮಾಧಾನ ಹೇಳಲಿಲ್ಲ, ಫೋನನ್ನೂ ಇಡಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು ಕೇಳಿದ: "ಆ ಎರಡು ದಿನ ಅವ್ಳು ಏನೇನು ಮಾತಾಡಿದ್ಲು, ಹೇಳೇ. ಎಲ್ಲಾ ಹೇಳು. ಕೇಳ್ತೀನಿ."

ಹೇಳಲು ಬಾಯಿ ತೆರೆದೆ, ಲಿನೆಟ್. ನೀನು ಯಾರ ಹತ್ತಿರ ನಿಂತಿದ್ದೆ ಎಂಬುದು ನೆನಪಿತ್ತು, ನಿನ್ನ ಕೈ ಹೇಗೆ ಗಾಳಿಯಲ್ಲಿ ಆಡುತ್ತಿತ್ತು ಎಂಬುದು ನೆನಪಿತ್ತು. ಏನು ಹೇಳುತ್ತಿದ್ದೆ ಎಂಬುದು ಮಾತ್ರ ಒಂದೂ ಬರಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನೀನೀಗ ಎಲ್ಲಿದ್ದರೂ ಅಲ್ಲಿ ಕಿವಿಗೊಟ್ಟು ಕೇಳುವವರು ಪಕ್ಕದಲ್ಲಿರಲಿ, ನಿನ್ನ ಮಾತು ಮುಗಿಯುವವರೆಗೂ ಅವರು ಎದ್ದು ಹೋಗದಿರಲಿ. ಹೋಗಿ ಬಾ, ನನ್ನ ತಂಗೀ.

ನಿನ್ನ,
ಹಿಲರಿ