ಹುಟ್ಟಿದ ಮೇಲೆ ಫೋನ್ ಮಾಡಿ

ದೊಡ್ಡಮ್ಮಾ,

'ಮೊದಲು ಬರ್ಲಿ ಕಣೋ' ಅಂದಿದ್ದೆ ನೀನು. ಅದರ ಹಿಂದೆಯೇ ಇನ್ನೊಂದು ಮಾತೂ ಇತ್ತು, ನೀರಿನ ವಿಷಯ ಏನೋ. ಇಷ್ಟು ವರ್ಷ ಅದು ನೆನಪಿಗೆ ಬರಲಿಲ್ಲ, ನಿನ್ನೆ ಬೆಳಿಗ್ಗೆ ಬಂತು. ಬಂದದ್ದಕ್ಕೇ ಈ ಪತ್ರ. ನಿನಗೆ ಓದಲು ಬಾರದು ಎನ್ನುವುದು ನನಗೆ ಮರೆತಿಲ್ಲ. ನೀನು ಇದ್ದಾಗಲೂ ನಿನ್ನ ಹೆಸರಿಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಈಗಲೂ ಹಾಗೇ ಅಂದುಕೋ.

ವಿಮಲ ನಮ್ಮ ಮಗಳನ್ನು ಹೊತ್ತಿದ್ದ ವರ್ಷ, ತೊಂಬತ್ತರ ದಶಕದ ಶುರು. ಏಳನೇ ತಿಂಗಳು. ಶಿವಾಜಿನಗರದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದು ಮುಗಿಸಿ ನೇರ ಹಲಸೂರಿನ ನಿನ್ನ ಮನೆಗೆ ಬಂದೆ. ನೀನು ಜಗಲಿಯ ಮೇಲೆ ಸೀಗೆಕಾಯಿ ಹರಡುತ್ತಿದ್ದೆ. 'ಹೆರಿಗೆ ಆದ ದಿನದಿಂದ ನೀನೇ ಬಂದು ನೀರು ಹಾಕಬೇಕು ದೊಡ್ಡಮ್ಮ, ಬೇರೆ ಯಾವ ಮನೆಯನ್ನೂ ಒಪ್ಪಿಕೊಳ್ಳಬೇಡ' ಎಂದೆ. ನೀನು ತಲೆ ಎತ್ತಲಿಲ್ಲ. 'ಮೊದಲು ಬರ್ಲಿ ಕಣೋ. ಬಂದ್ಮೇಲೆ ನೀನು ಕರೀದಿದ್ರೂ ಓಡಿ ಬರ್ತೀನಿ. ಈಗ ಮಾತು ಕೇಳ್ಬೇಡ' ಅಂದೆ. ಊರಿನ ಅರ್ಧ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದವಳು, ತಂಗಿಯ ಮಗನಿಗೆ ಒಂದು ಮಾತು ಕೊಡಲಾರಳೇ? ನನಗೆ ಸಿಟ್ಟು ಬಂದಿತ್ತು. ಕಾಫಿ ಕುಡಿಯದೆ ಎದ್ದು ಹೋದೆ. ಆಮೇಲೆ ತಿಳಿಯಿತು, ನೀನು ಯಾರಿಗೂ ಕೊಡುತ್ತಿರಲಿಲ್ಲ. ಕಾರು ಕಳಿಸುತ್ತೇವೆ ಎಂದ ದೊಡ್ಡ ಮನೆಯವರಿಗೂ ಇಲ್ಲ. ಮಗು ಹುಟ್ಟಿತು ಎಂದು ಯಾರಾದರೂ ಬಂದು ಹೇಳಿದ ಮೇಲೇ ನೀನು ಎಣ್ಣೆ ಬಾಟಲಿ ಚೀಲಕ್ಕೆ ಹಾಕುತ್ತಿದ್ದದ್ದು.

ನೀನು ಫ್ರೇಜರ್ ಟೌನಿನ ಕಡೆಯಿಂದ ನಡೆದು ವಾಪಸು ಬರುತ್ತಿದ್ದ ಹೊತ್ತು ನೆನಪಿದೆ, ಸುಮಾರು ಹನ್ನೊಂದು ಗಂಟೆ. ಸೀರೆಯ ಅಂಚು ಮೊಣಕಾಲವರೆಗೆ ಒದ್ದೆ, ಮೈಯೆಲ್ಲ ಸಾಂಬ್ರಾಣಿ ವಾಸನೆ. ಮಸೀದಿ ರಸ್ತೆಯ ಮನೆಗಳಲ್ಲಿ ಉರ್ದುವನ್ನೂ ಚರ್ಚಿನ ಹಿಂದಿನ ಮನೆಗಳಲ್ಲಿ ತಮಿಳನ್ನೂ ಮುರಿದು ಮುರಿದು ಆಡುತ್ತಿದ್ದೆ. ಮಕ್ಕಳಿಗೆ ಮಾತ್ರ ಎಲ್ಲ ಮನೆಯಲ್ಲೂ ಕನ್ನಡವೇ. ಎಲೆ ಅಡಿಕೆ ಜೊತೆ ಯಾರಾದರೂ ಮಲ್ಲಿಗೆ ಕೊಟ್ಟರೆ ಅದನ್ನು ಹಾಗೇ ಮಗಳು ಸರೋಜಳ ಕೈಗೆ ಹಾಕುತ್ತಿದ್ದೆ. 'ನಂಗೆ ಅದರ ವಾಸ್ನೆ ಆಗಲ್ಲ, ತಲೆನೋವು.' ನೀನು ಮುಡಿಯುತ್ತಿದ್ದದ್ದು ಕನಕಾಂಬರ ಒಂದೇ. ದೊಡ್ಡಪ್ಪ ತಮಾಷೆ ಮಾಡುತ್ತಿದ್ದರು, 'ಇವಳೊಬ್ಬಳು, ವಾಸನೆ ಇಲ್ಲದ ಹೂವು ಹುಡುಕಿ ಮುಡಿಯೋಳು' ಎಂದು. ನೀನು ಅದಕ್ಕೆ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ.

ನೀನು ಹೋದ ಮೇಲಿನ ಮೊದಲ ಮೂರು ತಿಂಗಳು... ಅದನ್ನು ಹೇಗೆ ಹೇಳಲಿ. ಫೋನ್ ಬರುತ್ತಿತ್ತು, ನಿನ್ನನ್ನು ಕೇಳುತ್ತಿದ್ದರು. ಸರೋಜ 'ಅಮ್ಮ ಹೋಗ್ಬಿಟ್ರು, ನಾನು ಬರ್ತೀನಿ' ಎಂದರೆ ಆ ಕಡೆಯವರು ಅಯ್ಯೋ ಎಂದು ನೊಂದುಕೊಂಡು, ನಿನ್ನ ಗುಣ ಹೇಳಿ, ಇಟ್ಟುಬಿಡುತ್ತಿದ್ದರು. ಆಮೇಲೆ ಅದೂ ನಿಂತಿತು. ಹಳೇ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಹೊಸಬರಿಗೆ ನೀನೂ ಗೊತ್ತಿಲ್ಲ, ನಿನ್ನ ಮಗಳೂ ಗೊತ್ತಿಲ್ಲ. ಹದಿನೈದು ವರ್ಷ ನಿನ್ನ ಪಕ್ಕ ಕೂತು ಚೊಂಬು ಎತ್ತಿಕೊಟ್ಟವಳು ಮನೆಯಲ್ಲಿ ಸುಮ್ಮನೆ ಕೂತಿದ್ದಳು. ಒಂದು ದಿನ ಹೇಳಿದಳು: 'ಅಣ್ಣ, ದೀಪಾವಳಿವರೆಗೆ ನೋಡ್ತೀನಿ. ಆಮೇಲೆ ಗಾರ್ಮೆಂಟ್ಸ್‌ಗೆ ಸೇರ್ಕೊತೀನಿ. ಅಲ್ಲಿ ಸೇರಿದ್ರೆ ಬೆಳಿಗ್ಗೆ ಎಂಟಕ್ಕೆ ಗೇಟ್ ಒಳಗಿರ್ಬೇಕು. ಇದು ಮುಗೀತು ಅಂತ್ಲೇ.' ಅವಳು ಅತ್ತಿರಲಿಲ್ಲ. ಕೈ ನೋಡಿಕೊಳ್ಳುತ್ತಿದ್ದಳು, ನೀನು ನೋಡಿಕೊಳ್ಳುತ್ತಿದ್ದ ಹಾಗೆ.

ರಾಮಮೂರ್ತಿ ನಗರದಲ್ಲಿ ನಮ್ಮ ಮನೆಯ ತಿರುವಿನಲ್ಲಿ ಒಂದು ಸೈಬರ್ ಸೆಂಟರ್ ಇದೆ. ಅದರ ಯಜಮಾನ ಕುಮಾರ್ ಎಂಬಾತ ಹೇಳಿದ್ದ, ಪ್ಲಂಬರು, ಟೈಲರು ಎಲ್ಲರ ಹೆಸರೂ ಫೋನ್ ನಂಬರೂ ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತೆ, ಪುಕ್ಕಟೆ ಹಾಕಬಹುದು ಎಂದು. ಒಂದು ಭಾನುವಾರ ಸರೋಜಳನ್ನು ಕರೆದುಕೊಂಡು ಹೋದೆ. ಪರದೆಯ ಮೇಲೆ ಒಂದು ಫಾರಂ ತೆರೆಯಿತು. ಅದು ಕೇಳಿದ ಮೊದಲ ಪ್ರಶ್ನೆಗೇ ನಾವು ಸಿಕ್ಕಿಕೊಂಡೆವು: ಯಾವ ಬಗೆಯ ವ್ಯಾಪಾರ? ಪಟ್ಟಿಯಲ್ಲಿ ಬ್ಯೂಟಿ ಪಾರ್ಲರ್ ಇತ್ತು, ಆಸ್ಪತ್ರೆ ಇತ್ತು, ಮಕ್ಕಳ ಬಟ್ಟೆ ಅಂಗಡಿ ಇತ್ತು. ನೀನು ಇರಲಿಲ್ಲ. ನಾನು ಮಸಾಜ್ ಎಂಬುದರ ಮೇಲೆ ಬೆರಳಿಟ್ಟೆ. ಕುಮಾರ್ ಹಾರಿ ಬಂದ. 'ಸರ್ ಸರ್, ಅದೊಂದು ಹಾಕ್ಬೇಡಿ. ಫೋನೇನೋ ತುಂಬಾ ಬರುತ್ತೆ, ಆದ್ರೆ ಮಗು ಇರೋರದ್ದಲ್ಲ.' ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕದ್ದು ಆವತ್ತೇ ಮೊದಲು. ಕಡೆಗೆ 'ಇತರೆ' ಎಂದು ಹಾಕಿದೆವು.

ವಾರದ ಮೇಲೆ ಆ ಆಫೀಸಿನಿಂದ ಒಬ್ಬ ಹುಡುಗಿ ವಿವರ ಖಾತ್ರಿ ಮಾಡಿಕೊಳ್ಳಲು ಫೋನ್ ಮಾಡಿದಳು. ನಾನು ನಿನ್ನ ಹೆಸರನ್ನೇ ಕೊಟ್ಟಿದ್ದೆ, ಜನಕ್ಕೆ ಗೊತ್ತಿರುವ ಹೆಸರು ಎಂದು. 'ಮುನಿಯಮ್ಮ ಅವ್ರಾ ಮಾತಾಡೋದು?' 'ಅಮ್ಮ ತೀರ್ಕೊಂಡ್ರು' ಎಂದಳು ಸರೋಜ. 'ಹಾಗಾದ್ರೆ ಯಾರ ಹೆಸ್ರು ಹಾಕ್ಲಿ ಮೇಡಂ?' ಎಂದಳಂತೆ ಹುಡುಗಿ. ಸರೋಜ ಬಹಳ ಯೋಚಿಸಿ ಹೇಳಿದ್ದು ಹಾಗೇ ಅಚ್ಚಾಗಿದೆ: ಸರೋಜ, ಮುನಿಯಮ್ಮನ ಮಗಳು, ಹಲಸೂರು.

ಇಂದಿರಾನಗರದಿಂದ ಆ ಫೋನ್ ಬಂದ ದಿನ ಸರೋಜ ಮಾರ್ಕೆಟ್ಟಿಗೆ ಹೋಗಿದ್ದಳು. ಹಲಸೂರಿನ ಮನೆಗೆ ಬಂದಿದ್ದ ನಾನೇ ಎತ್ತಿದೆ. ಎಳೆ ದನಿ, ಉತ್ಸಾಹದ ದನಿ. 'ನಂಗೆ ಈಗ ಆರು ತಿಂಗಳು. ನಿಮ್ಮ ಹೆಸ್ರು ನೆಟ್ಟಲ್ಲಿ ನೋಡ್ದೆ. ಈಗ್ಲೇ ಬುಕ್ ಮಾಡ್ಕೊಬಹುದಾ?' ಅದೇ ವಾರ ಇನ್ನೂ ನಾಲ್ಕು ಮಂದಿ ಹಾಗೇ ಕೇಳಿದ್ದರು, ಹೆರಿಗೆಗೆ ಮುಂಚೆಯೇ. ಐವರಿಗೂ ಸರೋಜ 'ಹುಟ್ಟಿದ್ಮೇಲೆ ಹೇಳಿ' ಎಂದೇ ಅನ್ನುತ್ತಾಳೆ, ಐವರೂ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ, ದೀಪಾವಳಿಗೆ ಇನ್ನು ಎಷ್ಟು ತಿಂಗಳು? ನಾನು 'ಆಗಲಮ್ಮ' ಎಂದುಬಿಟ್ಟೆ. ಮನೆಯ ವಿಳಾಸವನ್ನೂ ಡಾಕ್ಟರು ಕೊಟ್ಟ ತಾರೀಖನ್ನೂ ಕೇಳಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಸರೋಜ ಬಂದಳು. ಬಹಳ ಹೊತ್ತು ಆ ಸುತ್ತನ್ನೇ ನೋಡಿದಳು. 'ಕೊಟ್ಬಿಟ್ಯಲ್ಲಣ್ಣ' ಎಂದಳು, ಅಷ್ಟೇ.

ಆ ತಾರೀಖು ಬಂದು ಹೋಯಿತು. ಫೋನ್ ಇಲ್ಲ. ಮರೆತಿರಬೇಕು ಎಂದುಕೊಂಡು ನಾನೇ ಮಾಡಿದೆ. ಲವಲವಿಕೆಯಿಂದ ಮಾತಾಡಿದೆ, ದೊಡ್ಡಮ್ಮ, ಅದನ್ನು ನೆನೆದರೆ ಈಗಲೂ... 'ಮೇಡಂ, ನಮ್ಮವರು ಯಾವತ್ತಿಂದ ಬರ್ಬೇಕು? ಗಂಡಾ ಹೆಣ್ಣಾ?' ಎಂದೂ ಕೇಳಿದೆ. ಆ ಕಡೆ ವಯಸ್ಸಾದ ದನಿ, ಹುಡುಗಿಯ ತಾಯಿ ಇರಬೇಕು. 'ಮಗು ಉಳೀಲಿಲ್ಲಪ್ಪ. ಒಂದು ವಾರ ಆಯ್ತು. ನೀವು ಬರೋದು ಬೇಡ.' ನಾನು ಏನು ಹೇಳಿ ಇಟ್ಟೆ ಎನ್ನುವುದು ನನಗೆ ಗೊತ್ತಿಲ್ಲ. ಪ್ರೂಫಿನಲ್ಲಿ ತಪ್ಪು ಕಂಡರೆ ಅಂಚಿನಲ್ಲಿ ಗೆರೆ ಎಳೆದು ತೆಗೆದುಬಿಡುವುದು ನನ್ನ ಕಸುಬು. ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತೆ. ಆ ಸುತ್ತಿನ ಮೇಲೆ ಏನು ಗೆರೆ ಎಳೆಯುವುದು?

ಸರೋಜಳಿಗೆ ಹೇಳಿದಾಗ ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಎಣ್ಣೆ ಬಾಟಲಿ ಚೀಲಕ್ಕೆ ಹಾಕಿಕೊಂಡಳು.

'ಎಲ್ಲಿಗೆ? ಬರೋದು ಬೇಡ ಅಂದಿದ್ದಾರೆ.'

'ಮಗು ಇಲ್ಲ ಅಂದ್ರು. ಬಾಣಂತಿ ಇದಾಳಲ್ಲ?'

ನಾನೂ ಜೊತೆಗೆ ನಡೆದೆ. ಹಲಸೂರು ಮಾರ್ಕೆಟ್ಟಿನಲ್ಲಿ ನಿಂತು ನಾಲ್ಕು ಮೊಳ ಮಲ್ಲಿಗೆ ತೆಗೆದುಕೊಂಡಳು, ಒತ್ತಾಗಿ ಕಟ್ಟಿದ್ದನ್ನೇ ಆರಿಸಿ. ಸಾವಿನ ಮನೆಗೆ ಮಲ್ಲಿಗೆ ಯಾಕೆ ಎಂದು ಕೇಳಿದೆ. 'ಹಾಲು ಬತ್ತಬೇಕಲ್ಲಣ್ಣ. ಕುಡಿಯೋಕೆ ಮಗು ಇಲ್ಲ, ಎದೆ ಕಲ್ಲಾಗಿರುತ್ತೆ. ಎದೆಗೆ ಮಲ್ಲಿಗೆ ಕಟ್ಟಿದ್ರೆ ಇಳಿಯುತ್ತೆ, ಬಾಡೋಕೆ ಮುಂಚೆ ಬದಲಾಯಿಸ್ತಿರ್ಬೇಕು.' 'ಯಾರು ಹೇಳಿದ್ದು?' 'ಅಮ್ಮ. ಒಂದೇ ಒಂದು ಸಲ ಹೇಳಿದ್ಲು. ಮತ್ತೆ ಕೇಳಿದ್ರೆ ಎದ್ದು ಹೋದ್ಲು.'

ಇಂದಿರಾನಗರದ ಆ ಮನೆಯ ಗೇಟಿನ ಹೊರಗೆ ನಾನು ನಿಂತೆ. ಬಾಗಿಲಲ್ಲಿ ಆ ತಾಯಿ ಅಡ್ಡ ನಿಂತಿದ್ದು ಕಂಡಿತು. ಸರೋಜ ಏನು ಹೇಳಿದಳೋ ಕೇಳಿಸಲಿಲ್ಲ, ಆಕೆ ದಾರಿ ಬಿಟ್ಟರು. ಮಧ್ಯಾಹ್ನ ಸೀರೆಯ ಅಂಚು ಒದ್ದೆ ಮಾಡಿಕೊಂಡು ಹೊರಗೆ ಬಂದಳು. ಹೀಗೆ ಹನ್ನೆರಡು ದಿನ ಹೋದಳು. ಹುಡುಗಿ ಮೊದಲ ಐದು ದಿನ ಗೋಡೆಯ ಕಡೆಗೇ ತಿರುಗಿ ಕೂತಿದ್ದಳಂತೆ. ಆರನೆಯ ದಿನ 'ಬಿಸಿ ಇನ್ನೂ ಸ್ವಲ್ಪ ಜಾಸ್ತಿ ಇರ್ಲಿ' ಎಂದಳಂತೆ. ಸರೋಜ ಅದನ್ನು ನನಗೆ ಎರಡು ಸಲ ಹೇಳಿದಳು.

ಅದಾದ ಮೇಲೆ ಮತ್ತೆ ಕುಮಾರನ ಅಂಗಡಿಗೆ ಹೋದೆವು. ಹೆಸರಿನ ಕೆಳಗೆ ಒಂದು ಸಾಲು ಸೇರಿಸಬೇಕು ಎಂದಳು ಸರೋಜ: ಮಗು ಹುಟ್ಟಿದ ಮೇಲೆ ಫೋನ್ ಮಾಡಿ. ಕುಮಾರ್ ಕುರ್ಚಿಯಲ್ಲೇ ತಿರುಗಿದ. 'ಅಕ್ಕ, ಎಲ್ರೂ ಇವತ್ತೇ ಮಾಡಿ, ಈಗ್ಲೇ ಮಾಡಿ ಅಂತ ಹಾಕಿಸ್ತಾರೆ. ನೀವು ಬರೋರನ್ನ ಬಾಗಿಲಲ್ಲೇ ನಿಲ್ಲಿಸ್ತಿದೀರ.' 'ನಿಲ್ಲಲಿ ಬಿಡಪ್ಪ' ಎಂದಳು. ನಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಒಂದು ತಿಂಗಳು ಫೋನ್ ಬರಲಿಲ್ಲ. ದೀಪಾವಳಿ ಬಂತು, ಹೋಯಿತು. ಗಾರ್ಮೆಂಟ್ಸಿನ ಅರ್ಜಿಯನ್ನು ತುಂಬಿ ನಾನೇ ಮೇಜಿನ ಮೇಲೆ ಇಟ್ಟಿದ್ದೆ, ಅವಳು ಸಹಿ ಮಾಡುವುದೊಂದು ಬಾಕಿ. ಆಗ ಬೈಯಪ್ಪನಹಳ್ಳಿ ಕಡೆಯಿಂದ ಒಬ್ಬ ಗಂಡಸು, 'ನಿನ್ನೆ ಸಂಜೆ ಹುಟ್ತು, ಈಗ ಫೋನ್ ಮಾಡ್ಬಹುದಲ್ವಾ?' ಎಂದು ಹೆದರುತ್ತಲೇ ಕೇಳಿದ. ಆಮೇಲೆ ಕೆ.ಆರ್. ಪುರದಿಂದ ಒಬ್ಬರು. ಅರ್ಜಿ ಈಗಲೂ ಮೇಜಿನ ಮೇಲೇ ಇದೆ, ಸೀಗೆಪುಡಿ ಜರಡಿ ಹಿಡಿಯಲು ಹಾಸುತ್ತಾಳೆ.

ಈಗ ನಿನ್ನೆಯ ವಿಷಯ. ಬೆಳಿಗ್ಗೆ ಫೋನ್ ಬಂತು. ಎತ್ತಿದ್ದು ಸರೋಜ, ನಾನು ಪಕ್ಕದಲ್ಲಿದ್ದೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಎರಡು ವರ್ಷದ ಹಿಂದಿನ ಅದೇ ಇಂದಿರಾನಗರದ ಹುಡುಗಿ. ಈ ಸಲ ಆರು ತಿಂಗಳಲ್ಲೂ ಮಾಡಲಿಲ್ಲ, ಒಂಬತ್ತರಲ್ಲೂ ಮಾಡಲಿಲ್ಲ. 'ಅಕ್ಕಾ, ಹುಟ್ತು. ಹೆಣ್ಣು. ಅಳ್ತಾ ಇದೆ, ಕೇಳಿ' ಎಂದು ಫೋನನ್ನು ಮಗುವಿನ ಹತ್ತಿರ ಹಿಡಿದಳು. ಸರೋಜ ಕೇಳುತ್ತ ನಿಂತಳು, ಬಹಳ ಹೊತ್ತು. ಆಮೇಲೆ ಹುಡುಗಿ, 'ನೀವು ಬರೋಷ್ಟರಲ್ಲಿ ಗೀಸರ್ ಹಾಕಿಟ್ಟಿರ್ಲಾ?' ಎಂದಳು. 'ಬೇಡಮ್ಮ, ನಾನು ಬಂದ್ಮೇಲೆ ಹಾಕಿದ್ರಾಯ್ತು' ಎಂದಳು ಸರೋಜ.

ಆಗ ನೆನಪಾಯಿತು, ದೊಡ್ಡಮ್ಮ. ಜಗಲಿಯ ಮೇಲೆ ಸೀಗೆಕಾಯಿ ಹರಡುತ್ತ, ತಲೆ ಎತ್ತದೆ, ನೀನು ಅಂದ ಆ ಇನ್ನೊಂದು ಮಾತು. 'ನೀರು ಕಾಯ್ಸಿಟ್ಕೊಂಡು ಕೂರಬಾರ್ದು ಕಣೋ. ಅದು ಆರೋದನ್ನ ನೋಡೋಕಾಗಲ್ಲ.'

ನಿನ್ನನ್ನು ಕರೆದ ಮನೆಗಳಲ್ಲೆಲ್ಲ ಮಗು ಇತ್ತು, ಇಲ್ಲದ ಮನೆಯವರು ಕರೆಯುತ್ತಲೇ ಇರಲಿಲ್ಲ. ಹಾಗಿದ್ದಮೇಲೆ ನೀರು ಆರುವುದನ್ನು ನೀನು ನೋಡಿದ್ದು ಎಲ್ಲಿ? ಮಲ್ಲಿಗೆ ಕಟ್ಟುವುದನ್ನು ಕಲಿತದ್ದು ಯಾರ ಮೈಮೇಲೆ? ಸರೋಜ ಎಣ್ಣೆ ಬಾಟಲಿ ತೆಗೆದುಕೊಂಡು ಹೊರಟು ಹೋದಳು. ಅವಳನ್ನು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಮುನಿಯಮ್ಮನ ಮಗಳು ಎಂದು ಊರಿಗೆಲ್ಲ ಕಾಣುವ ಹಾಗೆ ಹಾಕಿಕೊಂಡಿದ್ದಾಳೆ. ನಿನ್ನನ್ನು ಮಾತ್ರ ಕೇಳುತ್ತೇನೆ.

ಸರೋಜ ನಿನ್ನ ಮೊದಲನೆಯ ಮಗುವೇನಾ, ದೊಡ್ಡಮ್ಮ?